ಕಂಬ ಗ್ರೀಕರದು, ಕಮಾನು ರೋಮನ್ನರದು: ‘ಕ್ಲಾಸಿಕಲ್’ ಎಂಬ ಒಂದು ಮಾತಿನೊಳಗಿನ ಎರಡು ಚರಿತ್ರೆಗಳು

2025ರ ಆಗಸ್ಟ್ 28ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಕಾರ್ಯಾದೇಶಕ್ಕೆ ಸಹಿ ಹಾಕಿದರು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಇನ್ನು ಮುಂದೆ ಕಟ್ಟುವ ಕೇಂದ್ರ ಸರ್ಕಾರದ ಕಟ್ಟಡಗಳಿಗೆ, ಬೇರೆ ಶೈಲಿಯೇ ಬೇಕೆನ್ನಲು ಅಸಾಧಾರಣ ಕಾರಣವಿಲ್ಲದ ಹೊರತು, ‘ಕ್ಲಾಸಿಕಲ್’ ಶೈಲಿಯೇ ಮೊದಲ ಆಯ್ಕೆಯಾಗಬೇಕು ಎಂಬುದು ಅದರ ಮುಖ್ಯ ಅಂಶ. ಆ ಶೈಲಿ ಎಂದರೇನು ಎಂಬುದನ್ನೂ ಆದೇಶವೇ ವಿವರಿಸುತ್ತದೆ: ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳ ಕಟ್ಟಡಗಳ ರೂಪ, ನಿಯಮ ಮತ್ತು ಪರಿಭಾಷೆಯಿಂದ ಬೆಳೆದುಬಂದ ಪರಂಪರೆ.

ಓದುಗರಿಗೆ ಗೊಂದಲ ಆರಂಭವಾಗುವುದು ಇಲ್ಲಿಯೇ. ಗ್ರೀಸ್ ಮತ್ತು ರೋಮ್ ಎಂಬ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದಾಗ ಅವೆರಡರದೂ ಒಂದೇ ಕಟ್ಟಡಕಲೆ ಎಂಬ ಭಾವನೆ ಬರುತ್ತದೆ. ಇನ್ನೊಂದೆಡೆ, 2023ರ ಜನವರಿಯಿಂದೀಚೆಗೆ ರೋಮನ್ ಕಾಂಕ್ರೀಟ್ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳಬಲ್ಲದು ಎಂಬ ಸಂಶೋಧನೆಯ ಸುದ್ದಿಯೂ ಮತ್ತೆ ಮತ್ತೆ ಬರುತ್ತಿದೆ. ಒಂದು ಸುದ್ದಿಯಲ್ಲಿ ರೋಮ್ ಎಂದರೆ ಬಿಳಿ ಅಮೃತಶಿಲೆಯ ಕಂಬಗಳ ಸಾಲು; ಇನ್ನೊಂದರಲ್ಲಿ ರೋಮ್ ಎಂದರೆ ಸುಣ್ಣ, ಬೂದಿ, ಕಲ್ಲುಚೂರುಗಳ ಗಟ್ಟಿ ಮಿಶ್ರಣ. ಈ ಎರಡು ಚಿತ್ರಗಳೂ ನಿಜವೇ. ಅವೆರಡೂ ಒಂದೇ ನಗರದಲ್ಲಿ, ಎಷ್ಟೋ ಸಲ ಒಂದೇ ಗೋಡೆಯಲ್ಲಿ, ಹೇಗೆ ಜೊತೆಯಾದವು ಎಂಬುದನ್ನು ತಿಳಿದರೆ ಆದೇಶದ ಸುತ್ತಲಿನ ವಾದದಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂಬುದೂ ತಿಳಿಯುತ್ತದೆ.

ಆದೇಶದ ಹಿಂದಿನ ಜಗಳ

ಸರ್ಕಾರಿ ಕಟ್ಟಡಗಳಿಗೆ ಒಂದು ಅಧಿಕೃತ ಶೈಲಿ ಇರಬಾರದು ಎಂಬುದು ಅಮೆರಿಕದಲ್ಲಿ 1962ರಿಂದ ನಡೆದುಬಂದ ನೀತಿ. ಆಗ ಸರ್ಕಾರಿ ಅಧಿಕಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಬರೆದ ಮಾರ್ಗಸೂಚಿ ಅದನ್ನು ಸ್ಪಷ್ಟವಾಗಿ ಹೇಳಿತ್ತು. 2020ರ ಡಿಸೆಂಬರ್‌ನಲ್ಲಿ ಟ್ರಂಪ್ ತಮ್ಮ ಮೊದಲ ಅವಧಿಯ ಕೊನೆಯಲ್ಲಿ ಅದನ್ನು ಬದಲಿಸಲು ಹೊರಟರು. 2021ರ ಫೆಬ್ರುವರಿಯಲ್ಲಿ ಜೋ ಬೈಡನ್ ಆ ಆದೇಶವನ್ನು ಹಿಂತೆಗೆದುಕೊಂಡರು. 2025ರಲ್ಲಿ ಅದು ಹೊಸ ರೂಪದಲ್ಲಿ ಮರಳಿತು. ಹೊಸ ಆದೇಶ ರಾಜಧಾನಿಗಷ್ಟೇ ಸೀಮಿತವಲ್ಲ. ಬೇರೆ ಊರುಗಳ ಕೇಂದ್ರ ನ್ಯಾಯಾಲಯಗಳು, ಇಲಾಖೆಗಳ ಮುಖ್ಯ ಕಚೇರಿಗಳು ಮತ್ತು 5 ಕೋಟಿ ಡಾಲರ್‌ಗಿಂತ ಹೆಚ್ಚು ವೆಚ್ಚದ ಇತರ ಸರ್ಕಾರಿ ಕಟ್ಟಡಗಳೂ ಅದರ ವ್ಯಾಪ್ತಿಗೆ ಬರುತ್ತವೆ.

ಆದೇಶವನ್ನು ಬೆಂಬಲಿಸುವವರು ಹೇಳುವುದು ಇಷ್ಟು: 1950ರ ದಶಕದ ನಂತರ ಕಟ್ಟಿದ ಬೋಳು ಕಾಂಕ್ರೀಟಿನ ಕಚೇರಿಗಳು ಜನಸಾಮಾನ್ಯರಿಗೆ ಹಿಡಿಸಿಲ್ಲ, ಗಣರಾಜ್ಯದ ಘನತೆಯನ್ನು ಅವು ತೋರುವುದಿಲ್ಲ, ದೇಶದ ಸ್ಥಾಪಕರು ಗ್ರೀಸ್ ಮತ್ತು ರೋಮ್‌ಗಳನ್ನು ಬೇಕೆಂದೇ ಮಾದರಿಯಾಗಿ ಆರಿಸಿಕೊಂಡಿದ್ದರು. ವಿರೋಧಿಸುವವರಲ್ಲಿ ವಾಸ್ತುಶಿಲ್ಪಿಗಳ ರಾಷ್ಟ್ರೀಯ ಸಂಘಟನೆಯೂ ಇದೆ. ಶೈಲಿಯನ್ನು ಮೇಲಿನಿಂದ ಹೇರಿದರೆ ಸ್ಥಳ, ಹವೆ, ಬಳಕೆ ಮತ್ತು ವೆಚ್ಚಕ್ಕೆ ತಕ್ಕಂತೆ ಯೋಚಿಸುವ ಸ್ವಾತಂತ್ರ್ಯ ಕುಗ್ಗುತ್ತದೆ ಎಂಬುದು ಅವರ ವಾದ. ಎರಡೂ ಕಡೆಯವರ ಮಾತಿನಲ್ಲಿ ‘ಗ್ರೀಕ್-ರೋಮನ್’ ಎಂಬುದು ಸಿದ್ಧಪಡಿಸಿಟ್ಟ ಒಂದು ವಸ್ತುವಿನಂತೆ ಬರುತ್ತದೆ. ಆದರೆ ಅದು ಸುಮಾರು 500 ವರ್ಷಗಳ ಕಾಲ ನಡೆದ ಒಂದು ಬದಲಾವಣೆ.

ಕಂಬ ಮತ್ತು ತೊಲೆ

ಗ್ರೀಕರ ಕಟ್ಟಡವಿಧಾನ ಮೂಲದಲ್ಲಿ ಸರಳವಾದದ್ದು. ಎರಡು ಕಂಬ ನಿಲ್ಲಿಸಿ, ಅವುಗಳ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ತೊಲೆ ಇಡುವುದು. ಆರಂಭದ ಗುಡಿಗಳಲ್ಲಿ ಇವೆಲ್ಲ ಮರದವು; ಕಲ್ಲಿಗೆ ಬದಲಾದಾಗಲೂ ಮರದ ನೆನಪು ಉಳಿಯಿತು. ಡೋರಿಕ್ ಎಂಬ ಗ್ರೀಕ್ ಶೈಲಿಯ ಗುಡಿಗಳ ತೊಲೆಯ ಮೇಲೆ ಸಾಲಾಗಿ ಕಾಣುವ, ಉದ್ದುದ್ದ ಗೀರುಗಳಿರುವ ಚಪ್ಪಡಿಗಳು ಹಿಂದೆ ಮರದ ಜಂತಿಗಳ ತುದಿ ಹೊರಚಾಚಿದ್ದ ಜಾಗದ ಗುರುತು ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ವಿವರಿಸಿದ್ದಾನೆ. ಚಾಲುಕ್ಯರ ಮತ್ತು ವಿಜಯನಗರದ ಗುಡಿಗಳೂ ಇದೇ ಕಂಬ-ತೊಲೆಯ ವಿಧಾನದವು. ಆದ್ದರಿಂದ ಇದರ ಶಕ್ತಿಯೂ ಮಿತಿಯೂ ಹಂಪಿಯ ಮಂಟಪಗಳನ್ನು ಕಂಡವರಿಗೆ ಹೊಸದಲ್ಲ.

ಮಿತಿ ಬರುವುದು ಕಲ್ಲಿನ ಗುಣದಿಂದ. ಕಲ್ಲನ್ನು ಒತ್ತಿದರೆ ಅದು ಅಪಾರ ಭಾರ ತಾಳುತ್ತದೆ. ಎಳೆದರೆ ಬೇಗ ಬಿರುಕು ಬಿಡುತ್ತದೆ. ಎರಡು ಕಂಬಗಳ ಮೇಲೆ ಮಲಗಿದ ತೊಲೆ ತನ್ನ ಭಾರಕ್ಕೇ ಅತಿ ಸೂಕ್ಷ್ಮವಾಗಿ ಬಾಗಿದಾಗ ಅದರ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಸಿಗುತ್ತದೆ. ತೊಲೆ ಉದ್ದವಾದಷ್ಟೂ ಎಳೆತ ಹೆಚ್ಚು. ಒಂದು ಹಂತದ ನಂತರ ಅದು ಕೆಳಗಿನಿಂದ ಸೀಳುತ್ತದೆ. ಹಾಗಾಗಿ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಲೇಬೇಕು. ಕ್ರಿ.ಪೂ. 447ರಿಂದ 432ರ ನಡುವೆ ಇಕ್ಟಿನಸ್ ಮತ್ತು ಕ್ಯಾಲಿಕ್ರಟೀಸ್ ಕಟ್ಟಿದ ಅಥೆನ್ಸಿನ ಪಾರ್ಥೆನಾನ್ ಗುಡಿ ಸುಮಾರು 69.5 ಮೀಟರ್ ಉದ್ದ, 31 ಮೀಟರ್ ಅಗಲ ಇದ್ದರೂ ಅದರ ಹೊರಸಾಲಿನ ಕಂಬಗಳ ನಡುಗೆರೆಯಿಂದ ನಡುಗೆರೆಗೆ ಅಂತರ ಸುಮಾರು 4.3 ಮೀಟರ್ ಮಾತ್ರ. ಒಳಗಡೆಯೂ ಚಾವಣಿ ಹೊರಲು ಕಂಬಗಳ ಸಾಲು ಬೇಕಾಯಿತು.

ಗ್ರೀಕರು ಇದನ್ನು ಕೊರತೆಯೆಂದು ನೋಡಲಿಲ್ಲ, ಏಕೆಂದರೆ ಅವರ ಗುಡಿಗೆ ದೊಡ್ಡ ಒಳಾಂಗಣ ಬೇಕಿರಲಿಲ್ಲ. ಬಲಿಪೀಠ ಹೊರಗಿತ್ತು, ಜನ ಸೇರುತ್ತಿದ್ದುದು ಬಯಲಿನಲ್ಲಿ, ಒಳಗೆ ಇದ್ದದ್ದು ದೇವತೆಯ ವಿಗ್ರಹ. ಗುಡಿಯನ್ನು ಹೊರಗಿನಿಂದ, ನಾಲ್ಕೂ ದಿಕ್ಕಿನಿಂದ, ಒಂದು ಶಿಲ್ಪವನ್ನು ನೋಡುವಂತೆ ನೋಡಬೇಕಿತ್ತು. ಅದಕ್ಕಾಗಿ ಅವರ ಎಲ್ಲ ಶ್ರಮವೂ ಕಂಬದ ದಪ್ಪ, ಎತ್ತರ, ನಡುಭಾಗದ ನಸು ಉಬ್ಬು, ಬೋದಿಗೆಯ ಆಕಾರ ಇವುಗಳ ನಡುವಿನ ಪ್ರಮಾಣವನ್ನು ತಿದ್ದುವುದಕ್ಕೆ ಹೋಯಿತು. ಡೋರಿಕ್, ಅಯಾನಿಕ್, ಕೊರಿಂಥಿಯನ್ ಎಂಬ ಮೂರು ಸ್ತಂಭಶೈಲಿಗಳು ಹೀಗೆ ಬೆಳೆದವು. ಕೊರಿಂಥಿಯನ್ ಬೋದಿಗೆಯ ಹುಟ್ಟಿನ ಬಗ್ಗೆ ವಿಟ್ರೂವಿಯಸ್ ಒಂದು ಕಥೆ ಹೇಳುತ್ತಾನೆ. ಕೊರಿಂತ್ ನಗರದಲ್ಲಿ ಒಬ್ಬ ಹುಡುಗಿ ತೀರಿಕೊಂಡಾಗ ಅವಳನ್ನು ಸಾಕಿದ ದಾದಿ ಅವಳ ಪ್ರೀತಿಯ ವಸ್ತುಗಳನ್ನು ಬುಟ್ಟಿಯಲ್ಲಿ ತುಂಬಿ, ಮೇಲೊಂದು ಹೆಂಚು ಮುಚ್ಚಿ, ಸಮಾಧಿಯ ಮೇಲಿಟ್ಟು ಬಂದಳು. ಬುಟ್ಟಿಯ ಕೆಳಗಿದ್ದ ಅಕಾಂಥಸ್ ಗಿಡದ ಬೇರು ಚಿಗುರಿ, ಎಲೆಗಳು ಬುಟ್ಟಿಯನ್ನು ಸುತ್ತಿ ಮೇಲೇರಿ, ಹೆಂಚಿನ ಅಂಚಿಗೆ ತಾಗಿ ಹೊರಕ್ಕೆ ಸುರುಳಿಯಾದವು. ದಾರಿಯಲ್ಲಿ ಹೋಗುತ್ತಿದ್ದ ಶಿಲ್ಪಿ ಕ್ಯಾಲಿಮ್ಯಾಕಸ್ ಅದನ್ನು ಕಂಡು ಕಲ್ಲಿನಲ್ಲಿ ಮೂಡಿಸಿದನಂತೆ. ಕಥೆ ನಿಜವಿರಲಿ, ಇಲ್ಲದಿರಲಿ, ಆ ಎಲೆಗಳ ಬೋದಿಗೆಯನ್ನು ಗ್ರೀಕರಿಗಿಂತ ಹೆಚ್ಚಾಗಿ ಬಳಸಿದವರು ರೋಮನ್ನರು.

ರೋಮ್‌ಗೆ ಮೊದಲ ಪಾಠ ಬೇರೆಡೆಯಿಂದ

ರೋಮನ್ನರು ನೇರವಾಗಿ ಅಥೆನ್ಸಿನಿಂದ ಕಲಿತರು ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಅವರ ಮೊದಲ ಗುರುಗಳು ಉತ್ತರದ ನೆರೆಯ ಎಟ್ರುಸ್ಕನ್ನರು. ಎಟ್ರುಸ್ಕನ್ ಗುಡಿ ಎತ್ತರದ ಜಗತಿಯ ಮೇಲೆ ನಿಲ್ಲುತ್ತಿತ್ತು. ಮೆಟ್ಟಿಲು ಮುಂಭಾಗದಲ್ಲಿ ಮಾತ್ರ. ಮುಂದೆ ಆಳವಾದ ಮುಖಮಂಟಪ, ಹಿಂದೆ ಗರ್ಭಗುಡಿ, ಎಷ್ಟೋ ಕಡೆ ಮೂರು ದೇವತೆಗಳಿಗೆ ಮೂರು ಕೋಣೆಗಳು. ಮರದ ತೊಲೆ, ಸುಟ್ಟ ಮಣ್ಣಿನ ಅಲಂಕಾರ. ಕ್ರಿ.ಪೂ. 509ರಲ್ಲಿ ಪ್ರತಿಷ್ಠೆಯಾಯಿತೆಂದು ರೋಮನ್ ಪರಂಪರೆ ಹೇಳುವ ಕ್ಯಾಪಿಟೋಲಿನ್ ಬೆಟ್ಟದ ಜೂಪಿಟರ್ ಗುಡಿ ಈ ಬಗೆಯದು.

ಇಲ್ಲಿ ಗಮನಿಸಬೇಕಾದದ್ದು ದಿಕ್ಕಿನ ವಿಷಯ. ಗ್ರೀಕ್ ಗುಡಿಗೆ ಸುತ್ತಲೂ ಮೆಟ್ಟಿಲು, ಸುತ್ತಲೂ ಕಂಬ. ಎಟ್ರುಸ್ಕನ್ ಗುಡಿಗೆ ಒಂದೇ ಮುಖ. ಅದು ತನ್ನ ಮುಂದಿನ ಅಂಗಳವನ್ನು ನೋಡುತ್ತ ನಿಲ್ಲುತ್ತದೆ, ಆ ಅಂಗಳವನ್ನೂ ತನ್ನ ವಿನ್ಯಾಸದ ಭಾಗವಾಗಿಸಿಕೊಳ್ಳುತ್ತದೆ. ಮುಂದೆ ರೋಮನ್ನರು ಗ್ರೀಕರಿಂದ ಎಷ್ಟೇ ಪಡೆದರೂ ಈ ಒಂದು ಮುಖದ ಗುಡಿಯನ್ನು ಬಿಡಲಿಲ್ಲ.

ಗ್ರೀಕರ ಪ್ರಭಾವ ಎರಡು ದಾರಿಯಲ್ಲಿ ಬಂತು. ಇಟಲಿಯ ದಕ್ಷಿಣ ಕರಾವಳಿಯಲ್ಲಿ ಮತ್ತು ಸಿಸಿಲಿಯಲ್ಲಿ ನೆಲೆಸಿದ್ದ ಗ್ರೀಕ್ ನಗರಗಳು ಒಂದು ದಾರಿ. ಪೇಸ್ಟಮ್‌ನಲ್ಲಿ ಇಂದಿಗೂ ನಿಂತಿರುವ ಮೂರು ಡೋರಿಕ್ ಗುಡಿಗಳು ಅದಕ್ಕೆ ಸಾಕ್ಷಿ. ಇನ್ನೊಂದು ಯುದ್ಧದ ದಾರಿ. ಕ್ರಿ.ಪೂ. 212ರಲ್ಲಿ ಸಿರಾಕ್ಯೂಸ್ ಸೋತಿತು, 146ರಲ್ಲಿ ಕೊರಿಂತ್ ನಾಶವಾಯಿತು. ಲೂಟಿಯಾದ ಶಿಲ್ಪಗಳ ಜೊತೆ ಗ್ರೀಕ್ ಕುಶಲಕರ್ಮಿಗಳೂ ರೋಮ್‌ಗೆ ಬಂದರು. ನಗರದ ಮೊದಲ ಪೂರ್ಣ ಅಮೃತಶಿಲೆಯ ಗುಡಿಯನ್ನು ಅದೇ ಕಾಲದಲ್ಲಿ ಸಲಾಮಿಸ್ ಮೂಲದ ಹರ್ಮೊಡೋರಸ್ ಎಂಬ ಗ್ರೀಕನಿಂದ ಸೇನಾಪತಿ ಮೆಟೆಲ್ಲಸ್ ಕಟ್ಟಿಸಿದನು. ಕ್ರಿ.ಪೂ. 86ರಲ್ಲಿ ಅಥೆನ್ಸನ್ನು ಗೆದ್ದ ರೋಮನ್ ಸೇನಾಪತಿ ಸುಲ್ಲಾ ಅಲ್ಲಿನ ಅಪೂರ್ಣ ಒಲಿಂಪಿಯನ್ ಜ್ಯೂಸ್ ಗುಡಿಯಿಂದ ಕಂಬಗಳನ್ನು ರೋಮ್‌ಗೆ ಸಾಗಿಸಿದನು ಎಂದು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ.

ಅದೇ ಗುಡಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಸುಲ್ಲಾನಿಗಿಂತ ಸುಮಾರು 90 ವರ್ಷ ಮೊದಲು, ಅಥೆನ್ಸಿನ ಆ ಗುಡಿಯ ಕೆಲಸ ಮುಂದುವರಿಸಲು ಸಿರಿಯಾದ ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸ್ ನೇಮಿಸಿದ್ದು ಕೊಸ್ಸೂಟಿಯಸ್ ಎಂಬ ರೋಮನ್ ವಾಸ್ತುಶಿಲ್ಪಿಯನ್ನು. ಅದನ್ನು ಕೊನೆಗೂ ಮುಗಿಸಿದ್ದು ಕ್ರಿ.ಶ. ಎರಡನೆಯ ಶತಮಾನದ ರೋಮನ್ ಚಕ್ರವರ್ತಿ ಹೇಡ್ರಿಯನ್. ಕೊಟ್ಟವರು ಒಬ್ಬರು, ಪಡೆದವರು ಇನ್ನೊಬ್ಬರು ಎಂಬ ಸರಳ ಚಿತ್ರ ಇಲ್ಲಿ ನಿಲ್ಲುವುದಿಲ್ಲ.

ಗೋಡೆಗೆ ಅಂಟಿದ ಕಂಬ

ರೋಮ್‌ನ ಟೈಬರ್ ನದಿಯ ದಡದಲ್ಲಿ, ಹಳೆಯ ದನದ ಸಂತೆಯ ಜಾಗದಲ್ಲಿ, ಪೊರ್ಟುನಸ್ ಎಂಬ ಬಂದರು ದೇವತೆಯ ಒಂದು ಚಿಕ್ಕ ಗುಡಿಯಿದೆ. ಕ್ರಿ.ಪೂ. ಸುಮಾರು 100ರ ಹೊತ್ತಿನ ಈ ಕಟ್ಟಡವನ್ನು ನಿಧಾನವಾಗಿ ಒಂದು ಸುತ್ತು ಹಾಕಿ ನೋಡಿದರೆ ಇಡೀ ಬದಲಾವಣೆ ಅದರಲ್ಲಿಯೇ ಕಾಣುತ್ತದೆ. ಮುಂದೆ ನಾಲ್ಕು ಅಯಾನಿಕ್ ಕಂಬಗಳು. ಅವುಗಳ ಬೋದಿಗೆಗಳಲ್ಲಿ ಗ್ರೀಕರ ಸುರುಳಿಗಳು. ಬದಿಯಲ್ಲಿ ಎಣಿಸಿದರೆ ಏಳು ಕಂಬಗಳು. ಆದರೆ ಅವುಗಳಲ್ಲಿ ಮುಖಮಂಟಪದ ಎರಡು ಮಾತ್ರ ಬಿಡಿಯಾಗಿ ನಿಂತಿವೆ. ಉಳಿದ ಐದು, ಗರ್ಭಗುಡಿಯ ಗೋಡೆಯಿಂದ ಅರ್ಧ ಹೊರಗೆ ಬಂದ ಅರ್ಧಗಂಬಗಳು. ಹಿಂಭಾಗದಲ್ಲಿಯೂ ಹಾಗೆಯೇ. ಕೆಳಗೆ ಎಟ್ರುಸ್ಕನ್ನರ ಎತ್ತರದ ಜಗತಿ, ಮುಂದೆ ಮಾತ್ರ ಮೆಟ್ಟಿಲು. ಸ್ಥಳೀಯ ಮೆದುಗಲ್ಲು ಮತ್ತು ಟ್ರಾವರ್ಟೀನ್ ಕಲ್ಲಿನಿಂದ ಕಟ್ಟಿ, ಅಮೃತಶಿಲೆಯಂತೆ ಕಾಣಲು ಮೇಲೆ ಬಿಳಿ ಗಿಲಾವು ಬಳಿದಿದ್ದರು.

ದೂರದಿಂದ ನೋಡುವವನಿಗೆ ಸುತ್ತಲೂ ಕಂಬಗಳಿರುವ ಗ್ರೀಕ್ ಗುಡಿ. ಹತ್ತಿರ ಹೋದಾಗ ಭಾರ ಹೊರುತ್ತಿರುವುದು ಗೋಡೆ. ಬದಿಯ ಕಂಬಗಳಿಗೆ ಹೊರುವ ಕೆಲಸ ಮುಖ್ಯವಾಗಿ ಉಳಿದಿಲ್ಲ. ಗೋಡೆಯನ್ನು ಸಮಾನ ಭಾಗಗಳಾಗಿ ವಿಂಗಡಿಸಿ, ಇದು ದೇವತೆಯ ಮನೆ, ಗೌರವದ ಕಟ್ಟಡ ಎಂದು ತಿಳಿಸುವುದು ಅವುಗಳ ಕೆಲಸ. ಇದರಿಂದ ಗರ್ಭಗುಡಿಗೆ ಜಗತಿಯ ಪೂರ್ಣ ಅಗಲ ಸಿಕ್ಕಿತು, ಅಂದರೆ ಒಳಗಿನ ಜಾಗ ಹೆಚ್ಚಿತು. ಗ್ರೀಕ್ ಕಟ್ಟಡಕಲೆ ರೋಮನ್ ಆದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ಈ ಅರ್ಧಗಂಬವನ್ನು ತೋರಿಸಬಹುದು. ದಕ್ಷಿಣ ಫ್ರಾನ್ಸಿನ ನೀಮ್ ನಗರದಲ್ಲಿರುವ ಮೇಸೋನ್ ಕರೇ ಎಂಬ ಗುಡಿ ಇದೇ ಮಾದರಿಯನ್ನು ಕೊರಿಂಥಿಯನ್ ಶೈಲಿಯಲ್ಲಿ ದೊಡ್ಡದಾಗಿ ಮಾಡಿತು. 2023ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ಕಮಾನು ತಂದ ಬದಲಾವಣೆ

ಹಾಗಾದರೆ ಕಂಬದ ಭಾರವನ್ನು ವಹಿಸಿಕೊಂಡದ್ದು ಯಾವುದು? ಕಮಾನು. ಇದು ರೋಮನ್ನರ ಸೃಷ್ಟಿಯಲ್ಲ. ಮೆಸೊಪೊಟೇಮಿಯಾದಲ್ಲಿ, ಈಜಿಪ್ಟಿನಲ್ಲಿ ಬಹಳ ಹಿಂದೆಯೇ ಇತ್ತು. ಗ್ರೀಕರಿಗೂ ಗೊತ್ತಿತ್ತು: ದಕ್ಷಿಣ ಇಟಲಿಯ ಗ್ರೀಕ್ ನಗರ ವೇಲಿಯಾದ ಹೆಬ್ಬಾಗಿಲಿನಲ್ಲಿ, ಮ್ಯಾಸಿಡೋನಿಯಾದ ರಾಜಸಮಾಧಿಗಳ ಕಮಾನು ಚಾವಣಿಗಳಲ್ಲಿ ಅದು ಕಾಣುತ್ತದೆ. ಆದರೆ ಗುಡಿಯಂಥ ಗೌರವದ ಜಾಗಕ್ಕೆ ಅವರು ಅದನ್ನು ತರಲಿಲ್ಲ. ಬಾಗಿಲು, ಸಮಾಧಿ, ನೆಲದಡಿಯ ಕೆಲಸಗಳಿಗೆ ಸಾಕು ಎಂದುಕೊಂಡರು.

ಕಮಾನಿನಲ್ಲಿ ಪ್ರತಿ ಕಲ್ಲೂ ಬೆಣೆಯ ಆಕಾರದ್ದು. ಒಂದು ಇನ್ನೊಂದನ್ನು ಒತ್ತುತ್ತದೆ, ನೆತ್ತಿಯ ಕಲ್ಲು ಕುಳಿತ ಮೇಲೆ ಇಡೀ ಸಾಲು ಬಿಗಿಯಾಗುತ್ತದೆ. ಕಲ್ಲಿಗೆ ಒಗ್ಗದ ಎಳೆತ ಇಲ್ಲವಾಗಿ, ಒಗ್ಗುವ ಒತ್ತಡ ಮಾತ್ರ ಉಳಿಯುತ್ತದೆ. ಹೀಗಾಗಿ ಚಿಕ್ಕ ಕಲ್ಲುಗಳಿಂದಲೇ ದೊಡ್ಡ ಅಂತರ ದಾಟಬಹುದು. ಪ್ರತಿಯಾಗಿ ಕಮಾನು ಎರಡು ಪಕ್ಕಗಳಿಗೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತೆಳ್ಳನೆಯ ಕಂಬ ತಡೆಯಲಾರದು, ದಪ್ಪ ಗೋಡೆಯೋ ಪಕ್ಕದ ಇನ್ನೊಂದು ಕಮಾನೋ ಬೇಕು. ಅಂದರೆ ಕಮಾನನ್ನು ಒಪ್ಪಿಕೊಂಡ ಕಟ್ಟಡದಲ್ಲಿ ಗ್ರೀಕರ ಬಿಡಿಗಂಬಕ್ಕೆ ಸಹಜವಾಗಿಯೇ ಜಾಗ ಕಡಿಮೆ.

ರೋಮನ್ನರು ಇಲ್ಲಿ ಮಾಡಿದ ಆಯ್ಕೆ ಇಡೀ ಪಾಶ್ಚಾತ್ಯ ಕಟ್ಟಡಕಲೆಯ ದಾರಿಯನ್ನು ನಿರ್ಧರಿಸಿತು. ಕಮಾನನ್ನು ಮರೆಮಾಡುವ ಬದಲು, ಅದರ ಎರಡೂ ಪಕ್ಕದ ಕಟ್ಟುಗಳ ಮೇಲೆ ಗ್ರೀಕ್ ಅರ್ಧಗಂಬಗಳನ್ನೂ ಮೇಲೆ ಗ್ರೀಕ್ ತೊಲೆಯ ಪಟ್ಟಿಯನ್ನೂ ಚೌಕಟ್ಟಿನಂತೆ ಕೂಡಿಸಿದರು. ಕ್ರಿ.ಪೂ. 78ರ ರೋಮ್‌ನ ದಾಖಲೆಗಳ ಕಟ್ಟಡ ಟ್ಯಾಬ್ಯುಲೇರಿಯಂನಲ್ಲಿ ಈ ಜೋಡಣೆ ಸ್ಪಷ್ಟವಾಗಿ ಕಾಣುತ್ತದೆ. ಅದರ ಪೂರ್ಣ ರೂಪ ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಉದ್ಘಾಟಿಸಿದ ಕೊಲೋಸಿಯಂ ಎಂಬ ಬಯಲು ಕ್ರೀಡಾಂಗಣ. ಸುಮಾರು 188 ಮೀಟರ್ ಉದ್ದ, 156 ಮೀಟರ್ ಅಗಲದ ಆ ಅಂಡಾಕೃತಿಯ ಸುತ್ತ ಮೂರು ಅಂತಸ್ತು ಕಮಾನುಗಳಿವೆ, ಪ್ರತಿ ಅಂತಸ್ತಿನಲ್ಲಿ 80. ಕೆಳಗಿನ ಸಾಲಿನಲ್ಲಿ ಡೋರಿಕ್ಕನ್ನು ಹೋಲುವ ಟಸ್ಕನ್ ಅರ್ಧಗಂಬ, ಮೇಲೆ ಅಯಾನಿಕ್, ಅದರ ಮೇಲೆ ಕೊರಿಂಥಿಯನ್. ಗಟ್ಟಿಯಾದದ್ದು ಕೆಳಗೆ, ನಾಜೂಕಾದದ್ದು ಮೇಲೆ ಎಂಬ ಈ ಕ್ರಮವನ್ನು ಯುರೋಪಿನವರು ಪುನರುಜ್ಜೀವನದ (ರಿನೈಸಾನ್ಸ್) ಕಾಲದಿಂದ ಪಾಠದಂತೆ ಅನುಸರಿಸಿದರು.

ಕಮಾನು ಇಲ್ಲದಿದ್ದರೆ ಕೊಲೋಸಿಯಂ ಆ ಜಾಗದಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಎಪಿಡಾರಸ್‌ನಂಥ ಗ್ರೀಕ್ ರಂಗಮಂದಿರಗಳಿಗೆ ಬೆಟ್ಟದ ಇಳಿಜಾರು ಬೇಕಿತ್ತು, ಆಸನಗಳ ಸಾಲಿಗೆ ಬೆಟ್ಟವೇ ಆಸರೆ. ರೋಮನ್ನರು ಕಮಾನು ಚಾವಣಿಗಳನ್ನು ಒಂದರ ಮೇಲೊಂದು ಏರಿಸಿ ಆ ಇಳಿಜಾರನ್ನು ಸಪಾಟು ನೆಲದ ಮೇಲೆ, ನಗರದ ನಟ್ಟನಡುವೆ, ಕಟ್ಟಿಕೊಂಡರು. ಆ ಚಾವಣಿಗಳ ಅಡಿಯಲ್ಲಿಯೇ ಸಾವಿರಾರು ಜನ ನುಗ್ಗಿ ಹೊರಬರುವ ಓಣಿಗಳು, ಮೆಟ್ಟಿಲುಗಳು ಸಿಕ್ಕವು.

ಸುಣ್ಣ, ಬೂದಿ ಮತ್ತು ಆಳುಗಳು

ಕಮಾನು ಅರ್ಧ ಕಥೆ. ಉಳಿದರ್ಧ ನೇಪಲ್ಸ್ ಕೊಲ್ಲಿಯ ಪೊಟ್ಸೂವೋಲಿ ಊರಿನ ಸುತ್ತಲಿನ ಜ್ವಾಲಾಮುಖಿ ಬೂದಿ. ಬರಿಯ ಸುಣ್ಣದ ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ದಪ್ಪ ಗೋಡೆಯ ಒಳಗೆ, ನೀರಿನಡಿಯಲ್ಲಿ ಅದು ಸರಿಯಾಗಿ ಗಟ್ಟಿಯಾಗದು. ಬೂದಿ ಬೆರೆತಾಗ ಅದರಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಂದಿಗೆ ನೀರಿನಲ್ಲಿಯೇ ರಾಸಾಯನಿಕವಾಗಿ ಕೂಡಿಕೊಂಡು ಕಲ್ಲಾಗುತ್ತವೆ. ಬೂದಿ ಸಿಗದ ಕಡೆ ರೋಮನ್ನರು ಸುಟ್ಟ ಇಟ್ಟಿಗೆಯ ಪುಡಿ ಬೆರೆಸುತ್ತಿದ್ದರು. ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟನ್ನು ನಿಲ್ಲಿಸಿರುವ ಸುರ್ಕಿ ಗಾರೆ ಇದೇ ತತ್ವದ್ದು: ಸುಣ್ಣ ಮತ್ತು ಸುಟ್ಟ ಜೇಡಿಮಣ್ಣಿನ ಪುಡಿ.

ಈ ಮಿಶ್ರಣವನ್ನು ಮುಷ್ಟಿಗಾತ್ರದ ಕಲ್ಲುಚೂರುಗಳ ನಡುವೆ ಪದರ ಪದರವಾಗಿ ಹಾಕಿ ಗೋಡೆಯ ಒಡಲನ್ನು ತುಂಬುತ್ತಿದ್ದರು. ಹೊರಮುಖಕ್ಕೆ ಸಣ್ಣ ಕಲ್ಲು ಅಥವಾ ಇಟ್ಟಿಗೆ. ಕಮಾನು, ಗುಮ್ಮಟಗಳಿಗೆ ನಮ್ಮ ಕಟ್ಟಡ ಕೆಲಸದವರು ಸೆಂಟ್ರಿಂಗ್ ಎನ್ನುವಂಥ ಮರದ ಆಸರೆ ಕೊಟ್ಟು ಮೇಲೆ ಸುರಿಯುತ್ತಿದ್ದರು. ಇದರ ಸಾಮಾಜಿಕ ಪರಿಣಾಮವೂ ದೊಡ್ಡದು. ಪಾರ್ಥೆನಾನಿನ ಒಂದೊಂದು ಕಲ್ಲನ್ನೂ ನುರಿತ ಕಲ್ಲುಕುಟಿಗ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸಬೇಕಿತ್ತು. ರೋಮನ್ ಗೋಡೆಗೆ ಮೇಲ್ವಿಚಾರಣೆಗೆ ಕೆಲವರು ನುರಿತವರು, ಹೊತ್ತು ಸುರಿಯಲು ನೂರಾರು ಸಾಮಾನ್ಯ ಆಳುಗಳು ಸಾಕು. ಗೆದ್ದ ಯುದ್ಧಗಳಿಂದ ಗುಲಾಮರು ಬೇಕಾದಷ್ಟು ಸಿಗುತ್ತಿದ್ದರು. ಆ ಕಟ್ಟಡಗಳ ವೇಗ ಮತ್ತು ಗಾತ್ರದ ಹಿಂದೆ ಇರುವ ಈ ಕ್ರೌರ್ಯವನ್ನು ಬಿಟ್ಟು ಅವುಗಳ ಬಗ್ಗೆ ಮಾತನಾಡುವುದು ಸರಿಯಲ್ಲ.

2023ರ ಸಂಶೋಧನೆ ಈ ಗಾರೆಯ ಬಗ್ಗೆಯೇ. ರೋಮನ್ ಕಾಂಕ್ರೀಟಿನಲ್ಲಿ ಕಾಣುವ ಬಿಳಿ ಸುಣ್ಣದ ಗಂಟುಗಳನ್ನು ಸರಿಯಾಗಿ ಕಲಸದ ಗುರುತು ಎಂದು ಭಾವಿಸಲಾಗಿತ್ತು. ಅರಳಿಸದ ಸುಟ್ಟಸುಣ್ಣವನ್ನೇ ಬೂದಿಯೊಂದಿಗೆ ಬಿಸಿಯಲ್ಲಿ ಕಲಸಿದ್ದರಿಂದ ಆ ಗಂಟುಗಳು ಉಳಿದಿವೆ, ಬಿರುಕಿಗೆ ನೀರು ಇಳಿದಾಗ ಅವೇ ಕರಗಿ ಬಿರುಕನ್ನು ತುಂಬುತ್ತವೆ ಎಂಬುದು ಹೊಸ ವಿವರಣೆ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪೊಂಪೇ ನಗರದಲ್ಲಿ, ಹೆಂಚು ಮತ್ತು ಕಲ್ಲುಗಳ ರಾಶಿಗಳ ಸಮೇತ ಅರ್ಧಕ್ಕೇ ನಿಂತ ಕಟ್ಟಡ ಕೆಲಸದ ಜಾಗವೊಂದು ಈಚೆಗೆ ಸಿಕ್ಕಿದ್ದು, ಅಲ್ಲಿಯ ಒಣಮಿಶ್ರಣವೂ ಈ ವಿವರಣೆಯನ್ನು ಬೆಂಬಲಿಸಿದೆ. ಸುಣ್ಣವನ್ನು ಮೊದಲೇ ಅರಳಿಸಬೇಕೆಂದು ಬರೆದ ವಿಟ್ರೂವಿಯಸ್‌ನ ಮಾತಿಗೆ ಇದು ಹೊಂದುವುದಿಲ್ಲ. ಆದರೆ ಇದರಿಂದ ರೋಮನ್ ಕಾಂಕ್ರೀಟ್ ಇಂದಿನದಕ್ಕಿಂತ ಎಲ್ಲ ರೀತಿಯಲ್ಲಿಯೂ ಮೇಲು ಎಂದು ತಿಳಿಯಬಾರದು. ಅದರಲ್ಲಿ ಉಕ್ಕಿನ ಸರಳುಗಳಿಲ್ಲ. ಹಾಗಾಗಿ ತುಕ್ಕಿನ ಭಯವಿಲ್ಲ, ಅಂತೆಯೇ ಎಳೆತ ತಾಳುವ ಬಲವೂ ಇಲ್ಲ. ಬಿದ್ದುಹೋದ ರೋಮನ್ ಕಟ್ಟಡಗಳು ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದೂ ನೆನಪಿರಬೇಕು.

ಪ್ಯಾಂಥಿಯನ್: ಎರಡು ಪದ್ಧತಿಗಳು ಕೂಡುವ ಜಾಗ

ಕ್ರಿ.ಶ. ಸುಮಾರು 125ರ ಹೊತ್ತಿಗೆ, ಹೇಡ್ರಿಯನ್ನನ ಕಾಲದಲ್ಲಿ ಮುಗಿದ, ರೋಮ್ ನಗರದ ಪ್ಯಾಂಥಿಯನ್ ಗುಡಿಯ ಮುಂದೆ ನಿಂತವರಿಗೆ ಕಾಣುವುದು ಗ್ರೀಕ್ ಗುಡಿಯ ಮುಖ. ಈಜಿಪ್ಟಿನಿಂದ ತಂದ 16 ಗ್ರಾನೈಟ್ ಕಂಬಗಳು, ಒಂದೊಂದೂ ಸುಮಾರು 11.8 ಮೀಟರ್ ಎತ್ತರದ ಏಕಶಿಲೆ; ಮೇಲೆ ಕೊರಿಂಥಿಯನ್ ಬೋದಿಗೆ, ಅದರ ಮೇಲೆ ತ್ರಿಕೋನದ ಮುಖ. ಬಾಗಿಲು ದಾಟಿದೊಡನೆ ಕಂಬ-ತೊಲೆಯ ಲೋಕ ಮುಗಿಯುತ್ತದೆ. ಒಳಗೆ 43.3 ಮೀಟರ್ ವ್ಯಾಸದ ವೃತ್ತ, ನೆಲದಿಂದ ಗುಮ್ಮಟದ ನೆತ್ತಿಗೂ ಅಷ್ಟೇ ಎತ್ತರ, ನಡುವೆ ಒಂದು ಕಂಬವೂ ಇಲ್ಲ. ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್ ಎಂಬುದನ್ನು ನೆನೆದರೆ ಆ ಗಾತ್ರ ನಮ್ಮ ಅಂದಾಜಿಗೆ ಬರುತ್ತದೆ.

ಗುಮ್ಮಟ ನಿಂತಿರುವುದು ಲೆಕ್ಕಾಚಾರದಿಂದ. ಕೆಳಗಿನ ಗೋಡೆ ಸುಮಾರು 6 ಮೀಟರ್ ದಪ್ಪ. ಬುಡದ ಕಾಂಕ್ರೀಟಿಗೆ ಭಾರದ ಟ್ರಾವರ್ಟೀನ್ ಕಲ್ಲುಚೂರು, ಮೇಲಕ್ಕೆ ಹೋದಂತೆ ಮೆದುಗಲ್ಲು ಮತ್ತು ಇಟ್ಟಿಗೆ, ನೆತ್ತಿಯ ಬಳಿ ನೀರಿನಲ್ಲಿ ತೇಲುವಷ್ಟು ಹಗುರವಾದ ಜ್ವಾಲಾಮುಖಿ ಕಲ್ಲು. ಒಳಮೈಯಲ್ಲಿ 28ರಂತೆ ಐದು ಸಾಲು ಗುಳಿಗಳು. ನೆತ್ತಿಯಲ್ಲಿ ಮಳೆ ಬಿಸಿಲು ಎರಡೂ ಬರುವ ದುಂಡನೆಯ ತೆರಪು. ಉಕ್ಕಿನ ಬಲವಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದು ಇಂದಿಗೂ ಇಲ್ಲ.

ಮುಖಮಂಟಪ ಮತ್ತು ವೃತ್ತಾಕಾರದ ಕೋಣೆ ಸೇರುವ ಜಾಗದಲ್ಲಿ ಮಾತ್ರ ಏನೋ ತಾಳೆಯಾಗುವುದಿಲ್ಲ. ಮಂಟಪದ ತ್ರಿಕೋನದ ಹಿಂದೆ, ಸ್ವಲ್ಪ ಮೇಲೆ, ಇನ್ನೊಂದು ತ್ರಿಕೋನದ ಗೆರೆ ಗೋಡೆಯಲ್ಲಿ ಉಳಿದಿದೆ. 40 ರೋಮನ್ ಅಡಿಯ ಕಂಬಗಳ ಬದಲು 50 ಅಡಿಯವನ್ನು ಮೊದಲು ಯೋಜಿಸಿದ್ದರು, ಅಷ್ಟು ಉದ್ದದ ಕಲ್ಲುಗಳು ಬರಲಿಲ್ಲವಾದ್ದರಿಂದ ಮಂಟಪವನ್ನು ತಗ್ಗಿಸಬೇಕಾಯಿತು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಈ ವಾದವನ್ನು ಒಪ್ಪಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಕಲ್ಲುಗಣಿಯಿಂದ ಬರುವ ಕಂಬಕ್ಕೆ ಮಿತಿಯಿತ್ತು, ಸ್ಥಳದಲ್ಲಿಯೇ ಸುರಿದ ಗುಮ್ಮಟಕ್ಕೆ ಆ ಅಡ್ಡಿ ಇರಲಿಲ್ಲ.

ನಕಲೋ, ಸ್ವಂತವೋ?

ಈ ಪ್ರಶ್ನೆಯ ಮೇಲೆ 18ನೆಯ ಶತಮಾನದಲ್ಲಿಯೇ ದೊಡ್ಡ ವಾಗ್ವಾದ ನಡೆದಿತ್ತು. ಜರ್ಮನಿಯ ಕಲಾಚರಿತ್ರೆಕಾರ ವಿಂಕೆಲ್‌ಮನ್ ಗ್ರೀಕರ ಕಲೆಯೇ ಶ್ರೇಷ್ಠ, ರೋಮನ್ನರದು ಅದರ ಇಳಿಗಾಲ ಎಂದನು. ರೋಮ್‌ನ ಪಾಳುಕಟ್ಟಡಗಳ ಚಿತ್ರಗಳಿಗೆ ಹೆಸರಾದ ಪಿರನೇಸಿ, ರೋಮನ್ನರು ಕಟ್ಟುವುದನ್ನು ಕಲಿತದ್ದು ಎಟ್ರುಸ್ಕನ್ನರಿಂದ, ಗ್ರೀಕರಿಗೆ ಅವರು ಋಣಿಗಳಲ್ಲ ಎಂದು ಅಷ್ಟೇ ಜೋರಾಗಿ ವಾದಿಸಿದನು. ಇಂದಿನ ಅಧ್ಯಯನಗಳು ಇಬ್ಬರನ್ನೂ ಪೂರ್ತಿ ಒಪ್ಪುವುದಿಲ್ಲ. ರೋಮನ್ನರು ಹೆಚ್ಚಾಗಿ ಕಲಿತದ್ದು ಪೆರಿಕ್ಲಿಸನ ಅಥೆನ್ಸಿನಿಂದಲ್ಲ, ಅಲೆಕ್ಸಾಂಡರನ ನಂತರದ ಗ್ರೀಕ್ ಜಗತ್ತಿನಿಂದ. ಬೆಟ್ಟದ ಇಳಿಜಾರಿನಲ್ಲಿ ಸಮಾಂತರ ಮಜಲುಗಳನ್ನು ಜೋಡಿಸಿ ನೆತ್ತಿಯ ಗುಡಿಗೆ ಕರೆದೊಯ್ಯುವ ವಿನ್ಯಾಸ ಗ್ರೀಕ್ ದ್ವೀಪಗಳ ಕ್ಷೇತ್ರಗಳಾದ ಕೋಸ್ ಮತ್ತು ಲಿಂಡೋಸ್‌ಗಳಲ್ಲಿ ಮೊದಲೇ ಇತ್ತು. ರೋಮ್‌ನ ಹತ್ತಿರದ ಪಾಲೆಸ್ಟ್ರೀನಾದಲ್ಲಿ ಫೋರ್ಚೂನಾ ದೇವಿಯ ಕ್ಷೇತ್ರವನ್ನು ಕ್ರಿ.ಪೂ. ಎರಡನೆಯ ಶತಮಾನದ ಕೊನೆಯಲ್ಲಿ ಅದೇ ಕಲ್ಪನೆಯಿಂದ ಕಟ್ಟಿದರು; ಆದರೆ ಮಜಲುಗಳನ್ನು ಹೊತ್ತದ್ದು ಕಾಂಕ್ರೀಟಿನ ಕಮಾನು ಚಾವಣಿಗಳು. ಕಲ್ಪನೆ ಗ್ರೀಕ್, ಹೊರುವ ಬಲ ರೋಮನ್.

ನನ್ನ ದೃಷ್ಟಿಯಲ್ಲಿ ನಕಲು ಎಂಬ ಪದ ಇಲ್ಲಿ ಸಲ್ಲದು. ಒಂದು ಭಾಷೆಯ ಪದಗಳನ್ನು ಪಡೆದು ಬೇರೆ ವ್ಯಾಕರಣದಲ್ಲಿ ಬಳಸಿದಾಗ ಹುಟ್ಟುವುದು ಹೊಸ ಭಾಷೆ. ಗ್ರೀಕರ ಕಂಬ, ಬೋದಿಗೆ, ತೊಲೆಪಟ್ಟಿಗಳು ರೋಮನ್ನರಿಗೆ ಪದಗಳಾದವು; ಕಮಾನು, ಗುಮ್ಮಟ, ಕಾಂಕ್ರೀಟ್ ಅವರ ವ್ಯಾಕರಣ. ನಾಲ್ಕನೆಯ ಶತಮಾನದ ಆರಂಭದ ಮ್ಯಾಕ್ಸೆಂಟಿಯಸ್ ಬಸಿಲಿಕಾ ಎಂಬ ರೋಮ್ ನಗರದ ಸಭಾಭವನದಲ್ಲಿ ಎಂಟು ಬೃಹತ್ ಅಮೃತಶಿಲೆಯ ಕಂಬಗಳು ಚಾವಣಿಯನ್ನು ಹೊತ್ತಂತೆ ಕಾಣುತ್ತಿದ್ದವು. ಅವುಗಳಲ್ಲಿ ಕೊನೆಗೆ ಉಳಿದ ಒಂದನ್ನು 17ನೆಯ ಶತಮಾನದ ಆರಂಭದಲ್ಲಿ ಪೋಪ್ ಐದನೆಯ ಪಾಲ್ ಸಾಂಟಾ ಮರಿಯಾ ಮಜ್ಜೋರೆ ಚರ್ಚಿನ ಮುಂದಕ್ಕೆ ಸಾಗಿಸಿದರು, ಅದು ಇಂದಿಗೂ ಅಲ್ಲಿಯೇ ಇದೆ. ಬಸಿಲಿಕಾದ ಉತ್ತರ ಬದಿಯ ಮೂರು ಭಾರಿ ಕಮಾನು ಚಾವಣಿಗಳು ಆ ಕಂಬಗಳ ಹಂಗಿಲ್ಲದೆ ನಿಂತಿವೆ.

ಮುಂದೇನಾಗಬಹುದು?

ಅಮೆರಿಕದ ಆದೇಶಕ್ಕೆ ಮರಳಿದರೆ ಮೊದಲು ಗಮನಿಸಬೇಕಾದದ್ದು, ಅಲ್ಲಿನ ಸ್ಥಾಪಕರು ಆರಿಸಿದ್ದು ಗ್ರೀಕ್ ಮಾದರಿಗಿಂತ ರೋಮನ್ ಮಾದರಿಯನ್ನು. ಥಾಮಸ್ ಜೆಫರ್ಸನ್ 1780ರ ದಶಕದಲ್ಲಿ ವರ್ಜೀನಿಯಾದ ಶಾಸನಸಭೆಯ ಕಟ್ಟಡಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ಮೇಸೋನ್ ಕರೇ ಗುಡಿಯನ್ನು. ಬೋದಿಗೆಗಳನ್ನು ಕೊರಿಂಥಿಯನ್‌ನಿಂದ ಅಯಾನಿಕ್‌ಗೆ ಬದಲಿಸಿದರು. ಅವರದೇ ಸ್ಮಾರಕ 1943ರಲ್ಲಿ ಪ್ಯಾಂಥಿಯನ್ನಿನ ಮಾದರಿಯಲ್ಲಿ ಎದ್ದಿತು. 1922ರ ಲಿಂಕನ್ ಸ್ಮಾರಕ ಮಾತ್ರ ಪಾರ್ಥೆನಾನನ್ನು ನೆನಪಿಸುತ್ತದೆ.

ಎರಡನೆಯದಾಗಿ, ಹೊಸ ಕಟ್ಟಡಗಳು ಉಕ್ಕಿನ ಚೌಕಟ್ಟು ಅಥವಾ ಸರಳು ಹಾಕಿದ ಕಾಂಕ್ರೀಟಿನಿಂದಲೇ ನಿಲ್ಲುತ್ತವೆ. ಕಂಬಗಳು ಬಹುಪಾಲು ಹೊರಹೊದಿಕೆಯಾಗಿ ಬರುತ್ತವೆ. ಇದನ್ನು ಸುಳ್ಳು ಎಂದು ವಿರೋಧಿಗಳು ಹಳಿಯುವುದುಂಟು, ಆದರೆ ಪೊರ್ಟುನಸ್ ಗುಡಿಯ ಅರ್ಧಗಂಬವನ್ನು ನೋಡಿದವರಿಗೆ ಆ ಟೀಕೆ ಅಷ್ಟು ಸುಲಭವಲ್ಲ. ಕಷ್ಟ ಬರುವುದು ಬೇರೆಡೆ. ರೋಮನ್ನರ ಅರ್ಧಗಂಬ ಗೋಡೆಯೊಂದಿಗೇ ಕಟ್ಟಿದ್ದು. ತೆಳುವಾದ ಕಲ್ಲಿನ ಹಾಳೆಯನ್ನು ಉಕ್ಕಿಗೆ ಸಿಕ್ಕಿಸಿದಾಗ ನೆರಳಿನ ಆಳ, ಪ್ರಮಾಣ, ಬಾಳಿಕೆ ಮೂರೂ ಕೆಡಬಹುದು. ಸರಿಯಾಗಿ ಮಾಡಬೇಕೆಂದರೆ ಕಲ್ಲುಕೆತ್ತನೆ ಬಲ್ಲವರು ಬೇಕು, ಅಂಥವರ ಸಂಖ್ಯೆ ಇಂದು ಕಡಿಮೆ. ವೆಚ್ಚವೂ ಸಮಯವೂ ಏರುತ್ತವೆ. ವೆಚ್ಚ ಹಿಡಿತದಲ್ಲಿಡಲು ಕೆಲಸವನ್ನು ಮೊಟಕುಗೊಳಿಸಿದರೆ ಆದೇಶ ಯಾವ ಘನತೆಯನ್ನು ಬಯಸಿತೋ ಅದೇ ಕಳೆದುಹೋಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಆದೇಶದ ಬೆಂಬಲಿಗರು ಕ್ಲಾಸಿಕಲ್ ಪರಂಪರೆಗೆ ಎದುರಾಗಿ ನಿಲ್ಲಿಸುವುದು ಬೋಳು ಕಾಂಕ್ರೀಟಿನ ಬ್ರೂಟಲಿಸ್ಟ್ ಕಟ್ಟಡಗಳನ್ನು. ಅವುಗಳಲ್ಲಿ ಹಲವು ನೋಡಲು ಕಠೋರವಾಗಿವೆ, ಬಳಸುವವರಿಗೆ ಹಿತವಾಗಿಲ್ಲ ಎಂಬ ದೂರಿನಲ್ಲಿ ಸತ್ಯವಿದೆ. ಆದರೆ ಸುರಿದು ಕಟ್ಟುವ ಕಾಂಕ್ರೀಟನ್ನು ಸಾರ್ವಜನಿಕ ಕಟ್ಟಡದ ಮುಖ್ಯ ವಸ್ತುವಾಗಿಸಿ, ಕಂಬಗಳಿಲ್ಲದ ವಿಶಾಲ ಒಳಾಂಗಣವನ್ನು ಸಾಧಿಸಿದವರು ರೋಮನ್ನರೇ. ಒಳಗಿನ ಗುಮ್ಮಟವನ್ನು ಬಿಟ್ಟು ಮುಂದಿನ ಕಂಬಸಾಲನ್ನು ಮಾತ್ರ ರೋಮ್ ಎಂದು ಕರೆದರೆ ಪ್ಯಾಂಥಿಯನ್ನಿನ ಅರ್ಧಭಾಗವನ್ನು ಮಾತ್ರ ಉಳಿಸಿಕೊಂಡಂತೆ.

ಸರ್ಕಾರಿ ಕಟ್ಟಡದ ಶೈಲಿಯ ಪ್ರಶ್ನೆ ಬೆಂಗಳೂರಿಗೂ ಹೊಸದಲ್ಲ. 1860ರ ದಶಕದಲ್ಲಿ ಅಯಾನಿಕ್ ಕಂಬಗಳ ಗ್ರೀಕ್-ರೋಮನ್ ಶೈಲಿಯಲ್ಲಿ ಕಟ್ಟಿದ ಅಠಾರಾ ಕಚೇರಿ ಇಂದು ಹೈಕೋರ್ಟ್ ಆಗಿದೆ. ಅದರ ಎದುರಿಗೇ, ಕೆಂಗಲ್ ಹನುಮಂತಯ್ಯನವರ ಆಸಕ್ತಿಯಿಂದ, ದ್ರಾವಿಡ ಶೈಲಿಯ ಕಂಬ ಮತ್ತು ಗೋಪುರಗಳುಳ್ಳ ವಿಧಾನಸೌಧ 1956ರಲ್ಲಿ ಪೂರ್ಣಗೊಂಡಿತು. ಆಳುವವರು ಯಾವ ಪರಂಪರೆಯ ಮುಖವನ್ನು ಜನರಿಗೆ ತೋರಬೇಕು ಎಂಬ ಪ್ರಶ್ನೆಗೆ ಆ ಎರಡು ಕಟ್ಟಡಗಳು ರಸ್ತೆಯ ಎರಡು ಬದಿಗಳಲ್ಲಿ ನಿಂತು ಎರಡು ಬೇರೆ ಉತ್ತರಗಳನ್ನು ಕೊಡುತ್ತಿವೆ.